ಗೋಡೆ ನಡುಗುವ ಮನೆಯ ಬೊಂಬೆಗಳು

ಬೆಳಗ್ಗೆ ಸ್ನಾನ ಮುಗಿಸಿ, ಚೌಡೇಶ್ವರಮ್ಮನ ಪಟಕ್ಕೆ ದೀಪ ಹಚ್ಚಿ, ಒಲೆಗೆ ಕಡ್ಡಿ ಗೀರುವ ಮೊದಲು ಎರ್ರಮ್ಮ ನಡುಮನೆಯ ಬೊಂಬೆಗಳ ಮುಂದೆ ನಿಲ್ಲುತ್ತಿದ್ದಳು. ಜ್ವರದಲ್ಲಿ ಮೈ ಕೆಂಡವಾಗಿದ್ದ ದಿನವೂ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಾಳೆ. ಕೈಯಲ್ಲಿ ಮೆತ್ತನೆಯ ರೇಷ್ಮೆ ಚಿಂದಿ. ಮೊದಲು ಒರೆಸುವುದು, ಆಮೇಲೆ ಒಂದೊಂದನ್ನೂ ಅದರದರ ಜಾಗಕ್ಕೆ ತಂದು ಕೂರಿಸುವುದು. ಬೆಳಗಾಗುವಷ್ಟರಲ್ಲಿ ಅವು ನಡೆದಿರುತ್ತಿದ್ದವು.

ನಡೆಯುತ್ತಿದ್ದವು ಎಂದರೆ ನಿಜವಾಗಿಯೇ. ಗೋಡೆಯ ಆಚೆ ಮಗ್ಗುಲಲ್ಲಿ ಮೈದುನ ಓಬಳೇಶಪ್ಪನ ಪವರ್‌ಲೂಮುಗಳು. ಕರೆಂಟು ಇರುವಷ್ಟು ಹೊತ್ತೂ ಅವು ಧಡಕ್ ಧಡಕ್ ಎಂದು ಬಡಿಯುತ್ತಿದ್ದರೆ ಈಚೆ ಗೋಡೆ ನಡುಗುತ್ತಿತ್ತು, ಗೋಡೆಗೆ ಒರಗಿದ ಹಲಗೆ ನಡುಗುತ್ತಿತ್ತು, ಹಲಗೆಯ ಮೇಲಿನ ಬೊಂಬೆಗಳು ಕಣ್ಣಿಗೆ ಕಾಣದ ಹಾಗೆ ಸರಿಯುತ್ತಿದ್ದವು. ಬೆಳಗ್ಗೆ ನೋಡಿದರೆ ಕೊಳಲಿನ ಕೃಷ್ಣ ಅಂಚಿಗೆ ಬಂದು ಕೆಳಗೆ ಇಣುಕುತ್ತಿದ್ದಾನೆ. ಅಂಗಡಿಯ ಶೆಟ್ಟಿ ಹೆಂಡತಿಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತಿದ್ದಾನೆ.

“ಏನಯ್ಯಾ ಶೆಟ್ಟಿ, ಮತ್ತೆ ಜಗಳ ಆಡ್ಕಂಡ್ಯಾ?” ಎನ್ನುತ್ತಾ ಎರ್ರಮ್ಮ ಅವನ ಭುಜ ಹಿಡಿದು ಹೆಂಡತಿಯ ಕಡೆ ತಿರುಗಿಸುತ್ತಿದ್ದಳು.

ಇಬ್ಬರು ಮಾತ್ರ ನಡೆಯುತ್ತಿರಲಿಲ್ಲ. ಮೇಲಿನ ಮೆಟ್ಟಿಲ ನಡುವೆ ನಿಂತಿದ್ದ ರಾಜ ಮತ್ತು ರಾಣಿ. ಅವರನ್ನು ಅವಳು ಅಂಟು ಹಾಕಿ ನಿಲ್ಲಿಸಿದ್ದಳು.

ಆ ಜೋಡಿ ಕಲ್ಯಾಣದುರ್ಗದಿಂದ ಅವಳ ಜೊತೆಯಲ್ಲೇ ಬಂದದ್ದು. ಅವಳ ಅಪ್ಪ ಜಯರಾಮಪ್ಪ ಅಲ್ಲಿ ನೇಯುವವರು. ಅವರ ತಾಯಿಯ ಕಾಲದ ಮಗ್ಗವೊಂದು ಮುರಿದು ಹಿತ್ತಲಲ್ಲಿ ಬಿದ್ದಿತ್ತು. ಮಗಳ ಮದುವೆ ಗೊತ್ತಾದಾಗ ಅದರ ಮರವನ್ನೇ ಆದಿನಾರಾಯಣಾಚಾರಿಗೆ ಕೊಟ್ಟು, “ಅಮ್ಮ ಕೂತು ನೇಯ್ದ ಮರ ಕಣಯ್ಯಾ, ನನ್ನ ಕೂಸಿಗೆ ಪಟ್ಟದ ಬೊಂಬೆ ಕಡೆದುಕೊಡು” ಎಂದಿದ್ದರು. ಆಚಾರಿ ಮೊಣಕೈ ಉದ್ದದ ಎರಡು ಬೊಂಬೆ ಕಡೆದ. ರಾಜನಿಗೆ ಕೆಂಪು ಪಂಚೆ, ರಾಣಿಗೆ ಹಸಿರು ಸೀರೆ. ನೇಕಾರರ ಮನೆಗೆ ಹೋಗುವ ಬೊಂಬೆ ಎಂದು ಆ ಸೀರೆಗೆ ಅಂಚನ್ನೂ ಸೆರಗನ್ನೂ ಕೂದಲೆಳೆಯ ಕುಂಚದಲ್ಲಿ ಬರೆದುಕೊಟ್ಟ. ಅವಳ ತವರಿನ ಕಡೆ ಅದು ಪದ್ಧತಿ. ಪಟ್ಟದ ಜೋಡಿ ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ ಹೋಗಬೇಕು. ದಸರೆಗೆ ಆ ಜೋಡಿಯನ್ನು ಕೂರಿಸಿದ ಮೇಲೆಯೇ ಮಿಕ್ಕ ಬೊಂಬೆಗಳಿಗೆ ಜಾಗ.

ಎಪ್ಪತ್ತಮೂರರಲ್ಲಿ ಎರ್ರಮ್ಮ ಹಿಂದೂಪುರದ ಕೇಶವಯ್ಯನ ಕೈ ಹಿಡಿದು ಬಂದಳು. ಅವನದೂ ಕುಣಿ ಮಗ್ಗ. ಕಾಲು ಗುಂಡಿಯಲ್ಲಿ, ಕೈ ಲಾಳಿಯಲ್ಲಿ, ಬಾಯಲ್ಲಿ ಯಾವಾಗಲೂ ಒಂದು ಭಜನೆ. ಮೊದಲ ದಸರೆಗೆ ಜೋಡಿಯ ಪಕ್ಕದಲ್ಲಿ ಇಡಲು ಅವಳ ಹತ್ತಿರ ಇದ್ದದ್ದು ಲೇಪಾಕ್ಷಿಯಲ್ಲಿ ಕೊಂಡ ಒಂದು ಮೆದುಗಲ್ಲಿನ ಬಸವ ಮಾತ್ರ. ಆಮೇಲೆ ರೊದ್ದಂ ಕುಂಬಾರರ ಹತ್ತಿರ ಶೆಟ್ಟಿ ದಂಪತಿ ಬಂದರು. ಪೆನುಕೊಂಡದಿಂದ ಗದೆ ಹೊತ್ತ ಹನುಮಂತ, ಯಾರೋ ಕಾಶಿಯಿಂದ ತಂದುಕೊಟ್ಟ ಹಿತ್ತಾಳೆಯ ಅನ್ನಪೂರ್ಣೆ, ಮಣ್ಣಿನ ಪೊಲೀಸ್, ಕೃಷ್ಣ, ಹಾಲು ಕರೆಯುವ ಗೊಲ್ಲತಿ, ಹೀಗೆ ಒಬ್ಬೊಬ್ಬರಾಗಿ ಬಂದು ಸೇರಿದರು.

ಬೀದಿಯಲ್ಲಿ ಬೇರೆಯವರ ಮನೆಯಲ್ಲೂ ಬೊಂಬೆಗಳಿದ್ದವು, ಆದರೆ ಎರ್ರಮ್ಮ ಜೋಡಿಸಿದ ಹಾಗೆ ಯಾರೂ ಜೋಡಿಸುತ್ತಿರಲಿಲ್ಲ. ಇದ್ದದ್ದನ್ನೆಲ್ಲ ತುಂಬಿ ಸಂತೆ ಮಾಡುವವಳಲ್ಲ ಅವಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಜಾಗ ಬಿಡುತ್ತಿದ್ದಳು. ಬಿಳಿಚಿದ ಕಲ್ಲಿನ ಬಸವನ ಹಿಂದೆ ಗಾಢ ನೇರಳೆ ಬಟ್ಟೆ, ಹಿತ್ತಾಳೆಯ ಅನ್ನಪೂರ್ಣೆಯ ಕೆಳಗೆ ಒಂದು ಹಳೆಯ ಕನ್ನಡಿ ಚೂರು. ಮಾಳಿಗೆಯ ಬೆಳಕಿಂಡಿಯಿಂದ ಹತ್ತು ಗಂಟೆಯ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡು ಅಲ್ಲಿಯೇ ರಾಣಿಯ ಮುಖ ಬರುವಂತೆ ಇಡುತ್ತಿದ್ದಳು. ಬಾಗಿಲು ದಾಟಿ ಒಳಗೆ ಬಂದವರಿಗೆ ಎಲ್ಲ ಬೊಂಬೆಗಳೂ ತಮ್ಮನ್ನೇ ನೋಡಿ “ಬನ್ನಿ” ಎಂದಂತೆ ಅನ್ನಿಸಬೇಕು, ಅದು ಅವಳ ಲೆಕ್ಕ.

ದಸರೆ ಮುಗಿದ ಮೇಲೆ ಬೊಂಬೆಗಳನ್ನು ಮಲಗಿಸಿ, ಬೇವಿನ ಸೊಪ್ಪು ಹಾಕಿ ಟ್ರಂಕಿನಲ್ಲಿ ಕಟ್ಟಿಡುವುದು ಎಲ್ಲರೂ ಮಾಡುವ ಕ್ರಮ. ಎರ್ರಮ್ಮನೂ ಮೊದಲು ಹಾಗೆಯೇ ಮಾಡುತ್ತಿದ್ದಳು. ಎರಡು ಸಲ ಬಸಿರು ನಿಂತು ಎರಡೂ ಸಲ ಇಳಿದುಹೋಯಿತು. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ಟ್ರಂಕಿನ ಮುಂದೆ ಕೂತು, ರಾಣಿಯನ್ನು ಬಟ್ಟೆಯಲ್ಲಿ ಸುತ್ತಲು ಹೋಗಿ, ಕೈ ಬಾರದೆ ಹಾಗೆಯೇ ಕೂತುಬಿಟ್ಟಳು. ಮಗ್ಗದಿಂದ ಎದ್ದು ಬಂದ ಕೇಶವಯ್ಯ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡ.

“ಇರ್ಲಿ ಬಿಡು. ಮನೇಲಿ ಯಾರಾದ್ರೂ ಎದ್ದು ನಿಂತಿರ್ಲಿ.”

ಅವನೇ ಹಲಗೆ ತಂದು ಗೋಡೆಗೆ ಸೇರಿಸಿ ಮೂರು ಮೆಟ್ಟಿಲು ಮಾಡಿಕೊಟ್ಟ. ಅಂದಿನಿಂದ ಆ ಮನೆಯಲ್ಲಿ ಬೊಂಬೆಗಳು ವರ್ಷವೆಲ್ಲ ನಿಂತವು. ಬೊಂಬೆ ಮಲಗದ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎಂದು ಬೀದಿಯವರು ಆಡಿಕೊಂಡರು. ತೊಟ್ಟಿಲು ತೂಗಲೂ ಇಲ್ಲ.

ಆ ಮನೆಯ ಇನ್ನೊಂದು ಅರ್ಧದಲ್ಲಿ ಇದ್ದವನು ಕೇಶವಯ್ಯನ ತಮ್ಮ ಓಬಳೇಶಪ್ಪ. ಅವನ ಹೆಂಡತಿ ಅಶ್ವತ್ಥಮ್ಮ. ಅವರ ಮಗಳು ಗಂಗಾದೇವಿ ನಡೆಯಲು ಕಲಿತ ದಿನದಿಂದ ದೊಡ್ಡಮ್ಮನ ನಡುಮನೆಯಲ್ಲೇ ಬೆಳೆದಳು. ಒಂದು ಬೆಳಗ್ಗೆ ಪೊಲೀಸ್ ಬೊಂಬೆಯನ್ನು ಎತ್ತಿಕೊಂಡು ಹೋಗಿ ಶೆಟ್ಟಿಯ ಅಂಗಡಿಯ ಮುಂದೆ ನಿಲ್ಲಿಸಿದಳು.

“ಯಾಕಮ್ಮ ಅಲ್ಲಿಗೆ?”

“ಕಳ್ಳ ಬಂದ್ರೆ ಹಿಡಿಯಾಕೆ.”

“ಯಾವ ಕಳ್ಳ ಬತ್ತಾನೆ?”

ಹುಡುಗಿ ಶೆಟ್ಟಿಯ ತಕ್ಕಡಿಯನ್ನು ಹತ್ತಿರದಿಂದ ನೋಡಿ, “ಒಳಗೇ ಅವ್ನಲ್ಲ ದೊಡ್ಡಮ್ಮ” ಎಂದಳು. ಮಗ್ಗದ ಗುಂಡಿಯಲ್ಲಿದ್ದ ಕೇಶವಯ್ಯ ನಗುತ್ತಾ ನಗುತ್ತಾ ಲಾಳಿ ತಪ್ಪಿಸಿದ. ಪೊಲೀಸ್ ಅಲ್ಲಿಯೇ ಉಳಿದ.

ಗಂಗಾದೇವಿಗೆ ಕಣ್ಣಿತ್ತು. ಎಲ್ಲಿ ಖಾಲಿ ಬಿಡಬೇಕು, ಯಾವುದರ ಪಕ್ಕದಲ್ಲಿ ಯಾವುದು ಮಂಕಾಗುತ್ತದೆ ಎಂದು ಹೇಳಿಕೊಡದೆಯೇ ತಿಳಿಯುತ್ತಿತ್ತು. ಒಂದು ದಸರೆಗೆ ಅವಳು ರಾಣಿಯ ಹಿಂದಿನ ಬಟ್ಟೆ ಬದಲಾಯಿಸಿ ಅರಿಸಿನದ್ದು ಕಟ್ಟಿದಾಗ ರಾಣಿಯ ಹಸಿರು ಸೀರೆ ಈಗ ತಾನೆ ಮಗ್ಗದಿಂದ ಇಳಿಸಿದಂತೆ ಕಂಡಿತು. ಎರ್ರಮ್ಮ ಹುಡುಗಿಯ ತಲೆ ನೇವರಿಸಿ ಹೇಳಿದಳು:

“ಈ ಜೋಡಿ ನಿಂದೇ ಕಣಮ್ಮ. ನಿನ್ನ ಮದ್ವೇಲಿ ನಿನ್ ಜೊತೆ ಕಳಿಸ್ತೀನಿ.”

“ನಿಜ್ವಾಗ್ಲೂ?”

“ಅಮ್ಮೋರ ಮುಂದೆ ನಿಂತು ಹೇಳ್ತಾ ಇವ್ನಿ.”

ಹೊಟ್ಟೆಯಲ್ಲಿ ಹುಟ್ಟಿದ ಮಗಳಿಲ್ಲದಿದ್ದರೂ ಅಜ್ಜಿಯ ಮಗ್ಗದ ಮರ ಮುಂದಿನ ಒಂದು ಮನೆಯಲ್ಲಿ ಎದ್ದು ನಿಲ್ಲುತ್ತದೆ. ಅದೊಂದೇ ಅವಳಿಗೆ ಸಾಕಿತ್ತು. ಅದರ ಮೇಲೆ ಇನ್ನೇನನ್ನೂ ಅವಳು ದೇವಿಯ ಹತ್ತಿರ ಕೇಳಿಕೊಂಡವಳಲ್ಲ.

ಎಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಕೈಮಗ್ಗದ ಸದ್ದು ಕಡಿಮೆಯಾಗುತ್ತಾ ಬಂತು. ಓಬಳೇಶಪ್ಪ ತನ್ನ ಅರ್ಧದಲ್ಲಿ ಪವರ್‌ಲೂಮು ಹಾಕಿಸಿದ. ಕೇಶವಯ್ಯನೂ ಗುಂಡಿ ಮುಚ್ಚಿ ತಮ್ಮನ ಲೂಮಿಗೆ ನಿಂತ. ಆ ಗದ್ದಲದಲ್ಲಿ ಭಜನೆ ಹೇಳಿಕೊಂಡರೆ ತನಗೇ ಕೇಳಿಸುವುದಿಲ್ಲ ಎನ್ನುತ್ತಿದ್ದ. ಎರಡು ವರ್ಷ ನಿಂತ. ಆಮೇಲೆ ಎದೆಯಲ್ಲಿ ಕಫ ಕಟ್ಟಿ ಮಲಗಿದವನು ಏಳಲಿಲ್ಲ.

ಲೂಮು ಬಂದ ಮೇಲೆಯೇ ಬೊಂಬೆಗಳು ನಡೆಯತೊಡಗಿದ್ದು. ಮೊದಲು ಗೊಲ್ಲತಿ ಬಿದ್ದು ಒಡೆದಳು. ಆಮೇಲೆ ಹನುಮಂತನ ಗದೆ ಹೋಯಿತು. ಓಬಳೇಶಪ್ಪ ಬಂದು ನೋಡಿ ಅತ್ತಿಗೆಯ ಮುಂದೆ ತಲೆ ಕೆರೆದುಕೊಂಡ.

“ಏನ್ ಮಾಡ್ಲಿ ವದಿನಾ, ಲೂಮು ನಿಲ್ಸಿದ್ರೆ ಹೊಟ್ಟೆ ನಿಲ್ತದೆ.”

“ನೀನು ಓಡ್ಸಪ್ಪ. ನಾನೇ ಹಿಡ್ಕಂತೀನಿ” ಎಂದಳು ಎರ್ರಮ್ಮ.

ಮಿಕ್ಕವನ್ನು ದಿನಾ ಬೆಳಗ್ಗೆ ಸರಿಪಡಿಸಬಹುದು. ಜೋಡಿ ಮಾತ್ರ ಬೀಳಬಾರದು, ಅದು ಗಂಗಾದೇವಿಯದು. ನೇಕಾರರ ಮನೆಯಲ್ಲಿ ಅಂಟಿಗೇನು ಬರ? ಮಗ್ಗದ ಹಾಸಿನ ನೂಲಿಗೆ ಹಾಕುವ ಗಂಜಿಯನ್ನೇ ಗಟ್ಟಿಯಾಗಿ ಕಾಯಿಸಿ, ಹುಣಸೆ ಬೀಜದ ಹಿಟ್ಟು ಕಲಸಿದಳು. ಗಂಜಿಗೆ ಹುಳ ಹತ್ತದಿರಲಿ ಎಂದು ಕೇಶವಯ್ಯ ಯಾವಾಗಲೂ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದ. ಅದರ ಪೊಟ್ಟಣ ಗೂಡಿನಲ್ಲೇ ಇತ್ತು. ಎರ್ರಮ್ಮ ಅದನ್ನು ಕೈಗೆ ತೆಗೆದುಕೊಂಡು ಮತ್ತೆ ಅಲ್ಲಿಯೇ ಇಟ್ಟಳು. ಮೈಲುತುತ್ತ ಸೋಕಿದರೆ ರಾಜನ ಪಾದದ ಕೆನೆ ಬಣ್ಣ ಹಸಿರಾಗಿ ಅಸಹ್ಯವಾಗುತ್ತದೆ. ಬರೀ ಗಂಜಿಯನ್ನೇ ಎರಡೂ ಪೀಠಗಳ ಅಡಿಗೆ ದಪ್ಪವಾಗಿ ಬಳಿದು, ಅವರನ್ನು ಮೇಲಿನ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದಳು. ಮಾರನೆಯ ಬೆಳಗ್ಗೆ ಎಲ್ಲರೂ ನಡೆದಿದ್ದರು, ರಾಜ ರಾಣಿ ಇಟ್ಟಲ್ಲೇ ಇದ್ದರು. ಆ ದಿನ ಅವಳು ದೇವಿಗೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದಳು.

ತೊಂಬತ್ತೊಂದರಲ್ಲಿ ಗಂಗಾದೇವಿಗೆ ಸಂಬಂಧ ಕೂಡಿಬಂತು. ಗಂಡಿನ ಊರು ಕಲ್ಯಾಣದುರ್ಗ. ಜೋಡಿ ಹುಟ್ಟಿದೂರಿಗೇ ತಿರುಗಿ ಹೋಗುತ್ತದೆ ಎಂದು ಎರ್ರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆಗೆ ವಾರವಿದೆ ಎನ್ನುವಾಗ ಬಿಸಿನೀರು ಕಾಯಿಸಿ, ಅಂಟು ಬಿಡಿಸಲು ಬಟ್ಟೆ ಅದ್ದುತ್ತಿದ್ದಳು. ಅಶ್ವತ್ಥಮ್ಮ ಒಳಗೆ ಬಂದು ಕಂಬಕ್ಕೆ ಒರಗಿ ನಿಂತಳು. ಅವಳ ಹಿಂದೆ ಗಂಗಾದೇವಿ ಜಡೆ ಹೆಣೆದುಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾ, ಮನಸ್ಸಿಗೆ ಹಚ್ಕೋಬ್ಯಾಡ. ಅದನ್ನ ತೆಗೀಬ್ಯಾಡ ಬಿಡು.”

“ಯಾಕೆ, ಮಡಿ ಆಗ್ಬೇಕಾ? ಆಗಿವ್ನಿ.”

“ಅದಲ್ಲ. ಬೀಗ್ರ ಕಡೆ ಮುದುಕಿ ಒಂದೈತೆ. ಪಟ್ಟದ ಬೊಂಬೆ ಯಾರ ಕೈಯಿಂದ ಬತ್ತೈತೆ ಅಂತ ಕೇಳ್ತು. ಮಡ್ಲು ತುಂಬ್ದೋರ ಕೈಯಿಂದಾನೇ ಬರ್ಬೇಕಂತೆ.”

ಎರ್ರಮ್ಮ ಬಟ್ಟೆಯನ್ನು ಹಿಂಡಿದಳು. “ಆ ಮುದುಕಿ ಕೇಳಿದ್ಲಾ ಅಶ್ವತ್ಥಿ, ನೀನು ಕೇಳಿದ್ಯಾ?”

ಅಶ್ವತ್ಥಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಯಾರು ಕೇಳಿದ್ರೇನು. ಕಿವಿಗೆ ಬಿದ್ದ ಮೇಲೆ ಹೆತ್ತ ಕರುಳು ಹೆದರ್ತದಲ್ಲಕ್ಕಾ. ನಂಗಿರೋದು ಒಂದೇ ಕೂಸು. ಅಂಗಡೀಲಿ ಒಂದು ಜೋಡಿ ತಂದ್ಬುಟ್ಟಿವಿ, ಅದೇ ಇಡ್ತೀವಿ.”

ಎರ್ರಮ್ಮ ಹುಡುಗಿಯ ಕಡೆ ನೋಡಿದಳು. ಗಂಗಾದೇವಿ ಜಡೆಯ ತುದಿಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ತಲೆ ಎತ್ತಲಿಲ್ಲ. ಒಂದು ಮಾತು ಬರುತ್ತದೆ ಎಂದು ಎರ್ರಮ್ಮ ಕಾದಳು. ಗೋಡೆಯಾಚೆ ಲೂಮು ಬಡಿಯುತ್ತಿತ್ತು.

“ಸರಿ ಕಣಮ್ಮ” ಎಂದು ಬಿಸಿನೀರನ್ನು ಹಿತ್ತಲಿಗೆ ಚೆಲ್ಲಿದಳು.

ಮದುವೆಗೆ ಹೋದಳು, ಅಕ್ಷತೆ ಹಾಕಿದಳು, ಉಂಡಳು. ಮನೆಗೆ ಬಂದು ಒಬ್ಬಳೇ ಕೂತಾಗ ಅಳು ಬರುತ್ತದೇನೋ ಎಂದುಕೊಂಡಳು, ಬರಲಿಲ್ಲ. ಆ ವರ್ಷದ ದಸರೆಗೆ ಅವಳು ಹೊಸ ಬಟ್ಟೆ ಕಟ್ಟಲಿಲ್ಲ, ಯಾರನ್ನೂ ಅರಿಸಿನ ಕುಂಕುಮಕ್ಕೆ ಕರೆಯಲಿಲ್ಲ. ಗಂಡ ಹೋದವಳು ಕರೆಯುವುದೂ ಸಲ್ಲದು ಎಂದು ಬೀದಿಯವರೂ ಬರಲಿಲ್ಲ. ಬೆಳಗಿನ ಕೆಲಸ ಮಾತ್ರ ನಿಲ್ಲಲಿಲ್ಲ. ಕೃಷ್ಣನನ್ನು ಅಂಚಿನಿಂದ ಎಳೆದಳು, ಶೆಟ್ಟಿಯನ್ನು ತಿರುಗಿಸಿದಳು, ರಾಣಿಯ ಮುಖ ಒರೆಸಿದಳು. ಬೆಳಕಿಂಡಿಯ ಬಿಸಿಲು ಬಂದು ರಾಣಿಯ ಮುಖದ ಮೇಲೆ ಬಿದ್ದು, ಯಾರೂ ನೋಡದೆ, ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಕೆಲವು ದಿನ ಬೆಳಗ್ಗೆ ಚಿಂದಿ ಹಿಡಿದ ಕೈ ಅರ್ಧದಲ್ಲಿ ನಿಂತು, ಇದನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎಂದು ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಒಳಗೇ ನುಂಗಿ ಒರೆಸುವುದನ್ನು ಮುಗಿಸುತ್ತಿದ್ದಳು.

ಗಂಗಾದೇವಿ ತವರಿಗೆ ಬಂದಾಗಲೆಲ್ಲ ದೊಡ್ಡಮ್ಮನ ಕಡೆ ಬಂದು ಮಾತಾಡಿಸಿ ಹೋಗುತ್ತಿದ್ದಳು. ಬಾಗಿಲ ಹತ್ತಿರವೇ ನಿಂತು ಮಾತಾಡುತ್ತಿದ್ದಳು, ನಡುಮನೆಯವರೆಗೆ ಬರುತ್ತಿರಲಿಲ್ಲ. ಅವಳಿಗೆ ಹೆಣ್ಣುಮಗು ಹುಟ್ಟಿತು. ಎರ್ರಮ್ಮ ಬಾಣಂತಿಗೆ ಲೇಹ ಮಾಡಿ ಕಳಿಸಿದಳು. ಮಗುವನ್ನು ಮಾತ್ರ ಎತ್ತಿಕೊಳ್ಳಲು ತಾನಾಗಿ ಕೈ ಚಾಚಲಿಲ್ಲ.

ತೊಂಬತ್ತೇಳರ ಭಾದ್ರಪದ ಕಳೆಯುತ್ತಿದ್ದ ಒಂದು ದಿನ ಗಂಗಾದೇವಿ ಕಲ್ಯಾಣದುರ್ಗದ ಬಸ್ಸಿಳಿದು, ಮಗಳ ಕೈ ಹಿಡಿದುಕೊಂಡು, ತಾಯಿಯ ಮನೆಗೂ ಹೋಗದೆ ನೇರವಾಗಿ ದೊಡ್ಡಮ್ಮನ ನಡುಮನೆಗೆ ಬಂದು ಕೂತಳು. ಬಹಳ ದಿನದಿಂದ ಕಟ್ಟಿಕೊಂಡಿದ್ದ ಮಾತು ಒಂದೇ ಉಸಿರಿಗೆ ಹೊರಗೆ ಬಂತು.

“ದೊಡ್ಡಮ್ಮ, ಜೋಡಿ ಕೇಳಾಕೆ ಬಂದಿವ್ನಿ. ನಮ್ಮೋರು ಹೊಸ ಮನೆ ಕಟ್ಟವ್ರೆ. ಗೋಡೆ ತುಂಬ ಗಾಜಿನ ಷೋಕೇಸು ಮಾಡ್ಸವ್ರೆ, ಒಳಗೆ ಟ್ಯೂಬ್‌ಲೈಟು ಬೇರೆ. ಅಂಗಡಿ ಬೊಂಬೆ ಅಲ್ಲಿಟ್ಟು ನೋಡ್ದೆ, ಮುಖಾನೇ ಇಲ್ಲ ಅವಕ್ಕೆ. ಆವತ್ತೇ ನಂಗೆ ಇದೇ ಬೇಕಿತ್ತು. ಅಮ್ಮನ ಮುಂದೆ ಬಾಯಿ ಬರ್ಲಿಲ್ಲ.”

“ಆ ಮುದುಕಿ?”

“ಯಾವ ಮುದುಕಿ ದೊಡ್ಡಮ್ಮ? ನಮ್ಮತ್ತೆ ಮನೇಲಿ ಮುದುಕೀನೇ ಇರ್ಲಿಲ್ಲ.”

ಎರ್ರಮ್ಮ ಎದ್ದು ಹೋಗಿ ಒಲೆ ಹಚ್ಚಿ ನೀರಿಟ್ಟಳು. ನೀರು ಕಾಯುವವರೆಗೆ ನಿಂತ ಕಾಲಲ್ಲಿ ನಿಲ್ಲಲಾರದೆ, ಟ್ರಂಕು ತೆರೆದು ಜೋಡಿಗೆ ಸುತ್ತಲು ಕೇಶವಯ್ಯನ ರೇಷ್ಮೆ ಅಂಗವಸ್ತ್ರ ತೆಗೆದಳು. ಮಗುವನ್ನು ಕರೆದು ಹತ್ತಿರ ನಿಲ್ಲಿಸಿಕೊಂಡಳು. “ನೋಡು ಪುಟ್ಟಿ, ಇವ್ಳು ರಾಣಿ. ನಿಮ್ಮೂರಿನೋಳೇ. ಈಗ ನಿಮ್ಮನೇಗೆ ಬತ್ತಾಳೆ” ಎಂದು ಹೇಳುವಾಗ ಅವಳ ದನಿ ಹುಡುಗಿಯ ದನಿಯಂತಿತ್ತು. ಸದ್ದು ಕೇಳಿ ಅಶ್ವತ್ಥಮ್ಮನೂ ಬಂದು ಬಾಗಿಲಲ್ಲಿ ನಿಂತಳು, ಈ ಸಲ ಬೇಡ ಎನ್ನಲಿಲ್ಲ.

ಬಿಸಿ ಬಟ್ಟೆಯನ್ನು ಪೀಠದ ಸುತ್ತ ಒತ್ತಿಟ್ಟು, ಅಂಟು ಸಡಿಲವಾಗಿರಬೇಕು ಎಂದು ಎರ್ರಮ್ಮ ರಾಣಿಯ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಳು.

ರಾಣಿ ಬಂದಳು. ಈರುಳ್ಳಿ ಸಿಪ್ಪೆ ಎತ್ತಿದ ಹಾಗೆ ಬಂದಳು. ಮಗ್ಗದ ಮರದ ಭಾರಕ್ಕೆಂದು ಬಿಗಿ ಹಿಡಿದಿದ್ದ ಬೆರಳುಗಳು ಹಸಿರು ಸೀರೆಯೊಳಗೆ ಇಳಿದುಹೋದವು. ಬಣ್ಣದ ಪೊರೆ ಬಿರಿದು ಒಳಗಿನಿಂದ ಕೆಮ್ಮಣ್ಣು ಸುರಿಯಿತು. ಮಣ್ಣಿನ ಜೊತೆ ಬಿಳಿ ಗೆದ್ದಲು ಹಲಗೆಯ ಮೇಲೆ ಚೆಲ್ಲಿ ಹರಿದಾಡಿತು. ಮಗು ಚೀರಿ ತಾಯಿಯ ಸೀರೆ ಹಿಡಿದುಕೊಂಡಿತು. ರಾಣಿ ನಿಂತಿದ್ದ ಕಡೆ ಗಂಜಿಯ ಕುರುಹೂ ಇರಲಿಲ್ಲ. ಗೋಡೆಯ ಸಂದಿಯಿಂದ ಬಂದ ಮಣ್ಣಿನ ದಾರಿ ಹಲಗೆಯನ್ನು ಕೊರೆದು ನೇರವಾಗಿ ಪೀಠದ ಒಳಗೆ ಹೋಗಿತ್ತು.

ಎರ್ರಮ್ಮ ರಾಜನನ್ನು ಎತ್ತಲಿಲ್ಲ. ತೋರುಬೆರಳಿನಿಂದ ಅವನ ಎದೆಯನ್ನು ಸುಮ್ಮನೆ ಮುಟ್ಟಿದಳು. ಬೆರಳು ಒಳಗೆ ಹೋಯಿತು.

ಮುಖಗಳಿಗೆ ಮಾತ್ರ ಏನೂ ಆಗಿರಲಿಲ್ಲ. ರಾಣಿಯ ಕಣ್ಣು ಇನ್ನೂ “ಬನ್ನಿ” ಎನ್ನುತ್ತಲೇ ಇತ್ತು. ಆ ಮುಖವನ್ನೇ ಅವಳು ಇಷ್ಟು ವರ್ಷ ಒರೆಸಿದ್ದಳು. ಬೇರೆ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬೊಂಬೆಯನ್ನು ಎತ್ತಿ, ಬೇವಿನ ಸೊಪ್ಪಿನಲ್ಲಿ ಮಲಗಿಸುತ್ತಿದ್ದರು. ಅವಳು ಎತ್ತಲಿಲ್ಲ, ಮಲಗಿಸಲಿಲ್ಲ. ಮೈಲುತುತ್ತದ ಪೊಟ್ಟಣ ಗೂಡಿನಲ್ಲಿ ಈಗಲೂ ಇತ್ತು. ಗೆದ್ದಲಿಗೆ ಊಟ ಬಡಿಸಿದ್ದು ಅವಳದೇ ಕೈ.

“ಅವತ್ತೇ ಕೊಟ್ಟು ಕಳಿಸಿದ್ರೆ...” ಎಂದು ಬಾಗಿಲಿಂದ ಅಶ್ವತ್ಥಮ್ಮ ಹೇಳಹೊರಟಳು. ಅದು ಯಾರ ತಪ್ಪಿನ ಮಾತು ಎಂದು ಅವಳಿಗೇ ತಿಳಿದು ಅರ್ಧಕ್ಕೆ ನಿಂತಳು. ಕಣ್ಣಿಗೆ ಸೆರಗು ಒತ್ತಿಕೊಂಡು ತನ್ನ ಕಡೆ ಹೋಗಿಬಿಟ್ಟಳು.

ಎರ್ರಮ್ಮ ಮಣ್ಣನ್ನೂ ಪುಡಿಯನ್ನೂ ಬಣ್ಣದ ಚೂರುಗಳನ್ನೂ ಗುಡಿಸಿ ಮೊರಕ್ಕೆ ತುಂಬಿದಳು. ಪಟದ ಮುಂದೆ ದೀಪ ಉರಿಯುತ್ತಿತ್ತು. ಅತ್ತ ನೋಡಿದಳು. ಬೈಯಲು ಮಾತು ಹುಟ್ಟಲಿಲ್ಲ, ಬೇಡಿಕೊಳ್ಳಲೂ ಏನೂ ಉಳಿದಿರಲಿಲ್ಲ. ಅಂಗವಸ್ತ್ರವನ್ನು ಮಡಿಸಿ ಟ್ರಂಕಿಗೆ ಹಾಕಿದಳು.

ಗಂಗಾದೇವಿ ಅಳುತ್ತಲೇ ಅವಳ ಕೈ ಹಿಡಿದುಕೊಂಡಳು.

“ಅಳಬ್ಯಾಡ ದೊಡ್ಡಮ್ಮ.”

“ನಾನೆಲ್ಲಿ ಅಳ್ತಾ ಇವ್ನಿ? ಅಳ್ತಾ ಇರೋಳು ನೀನು.”

“ಆ ಆಚಾರಿ ಮಗ ನಮ್ಮೂರಲ್ಲೇ ಅವ್ನೆ. ಹೊಸ ಜೋಡಿ ಮಾಡಿಸ್ತೀನಿ, ಹಿಂಗೇ ಹಸಿರು ಸೀರೆ ಬರಿಸ್ತೀನಿ. ನೀನೇ ನಿನ್ನ ಕೈಯಿಂದ ನನ್ನ ಮಗಳಿಗೆ ಕೊಡು.”

“ಯಾವ ಮರದಾಗೆ ಮಾಡಿಸ್ತೀಯಮ್ಮ?”

ಗಂಗಾದೇವಿ ಕಣ್ಣೊರೆಸಿಕೊಂಡು ಉಳಿದ ಬೊಂಬೆಗಳ ಕಡೆ ತಿರುಗಿದಳು. ಮತ್ತೆ ಶುರು ಮಾಡಿದಳು. “ಹೋಗ್ಲಿ, ಮಿಕ್ಕಿರೋವಾದ್ರೂ ಕೊಡು. ಬಸವಪ್ಪ, ಶೆಟ್ಟಿ, ಪೊಲೀಸು, ಎಲ್ಲಾನೂ ಹೋಯ್ತಾ ತಗಂಡೋಯ್ತೀನಿ. ನೀನೂ ಬಾ. ಒಂದು ರೂಮು ನಿಂಗೇ ಬಿಟ್ಕೊಡ್ತೀನಿ. ನಿನ್ನ ಕೈಯಾರ ಷೋಕೇಸಿನಾಗೆ ಜೋಡ್ಸು. ನಮ್ಮ ಬೀದೀಲಿ ಲೂಮಿಲ್ಲ ದೊಡ್ಡಮ್ಮ. ಒಂದೂ ನಡೆಯಲ್ಲ, ಇಟ್ಟಲ್ಲೇ ಇರ್ತವೆ.”

ಕರೆದದ್ದು ಬಾಯಿಮಾತಿಗಲ್ಲ ಎಂದು ಎರ್ರಮ್ಮನಿಗೆ ಗೊತ್ತಿತ್ತು. ಹುಡುಗಿಯ ಮುಖವನ್ನು ನೋಡಿದಳು. ಆಮೇಲೆ ಮೇಲಿನ ಮೆಟ್ಟಿಲ ನಡುವೆ ಕೊರೆದುಹೋದ ಹಲಗೆಯನ್ನು ನೋಡಿದಳು. ಗೋಡೆಯಾಚೆ ಕರೆಂಟು ಬಂದಿತು. ಲೂಮುಗಳು ಒಂದೊಂದಾಗಿ ಬಡಿಯತೊಡಗಿದವು. ಕೆಳಗಿನ ಮೆಟ್ಟಿಲಲ್ಲಿ ಕೃಷ್ಣ ಸಣ್ಣಗೆ ಅದುರಿದ.

“ಇಟ್ಟಲ್ಲೇ ಇದ್ದೋರಿಗೆ ಏನಾಯ್ತು ಅಂತ ನೋಡ್ದಲ್ಲಮ್ಮ.”

“ದೊಡ್ಡಮ್ಮ...”

“ಬ್ಯಾಡ ಕಣೆ ತಾಯಿ. ನೀನು ಕೇಳಿದ್ದು ಜೋಡಿ. ಅದು ನನ್ನ ಹತ್ರ ಇಲ್ಲ. ಮಿಕ್ಕಿದ್ದನ್ನ ಕೊಟ್ಟು ಕೊಟ್ಟೆ ಅನ್ನಿಸ್ಕೊಳಾಕೆ ನಂಗಿಷ್ಟ ಇಲ್ಲ. ನಾನೂ ಬರಲ್ಲ.”

ಮೊರದಲ್ಲಿದ್ದ ಪುಡಿಯನ್ನು ಹಿತ್ತಲಿಗೆ ಒಯ್ಯಲು ಎತ್ತಿಕೊಂಡಳು. ಬಾಗಿಲಲ್ಲಿ ನಿಂತು ತಿರುಗದೆಯೇ ಹೇಳಿದಳು:

“ಕೂಸಿಗೆ ಏನಾದ್ರೂ ತಿನ್ನಿಸ್ಕಂಡು ಹೊರಡು. ಪೆನುಕೊಂಡದ ಮೇಲೆ ಹೋಗೋ ಬಸ್ಸು ಬಿಟ್ರೆ ಕತ್ಲಾಗ್ಬುಡ್ತದೆ.”